ಹನ್ನೊಂದನೇ ಪುಟ

ನಮ್ಮ ಊರಿನಲ್ಲಿ ಓದಿದ ಅಕ್ಷರ ಸವೆಯುತ್ತದೆ. ಮೆಟ್ಟಿಲು ಸವೆದಂತೆ, ಒರಳು ಸವೆದಂತೆ, ಕಣ್ಣು ಬಿದ್ದಷ್ಟೂ ಮಸಿ ತೆಳ್ಳಗಾಗುತ್ತ ಹೋಗಿ ಕೊನೆಗೆ ಬರೀ ಕಾಗದ ಉಳಿಯುತ್ತದೆ. ಅದಕ್ಕೇ ನಮ್ಮಲ್ಲಿ ಮರ್ಯಾದಸ್ಥರು ಅಂಗಡಿಗಳ ಮುಂದೆ ತಲೆ ತಗ್ಗಿಸಿ ನಡೆಯುತ್ತಾರೆ. ಕ್ಯಾಲೆಂಡರನ್ನು ಗೋಡೆಗೆ ಮುಖ ಮಾಡಿ ತೂಗುಹಾಕುತ್ತಾರೆ. ಮದುವೆ ಕಾರ್ಡು ಬಂದರೆ ಮನೆಯಲ್ಲಿ ಒಬ್ಬರು ಓದಿ ಉಳಿದವರಿಗೆ ಬಾಯಲ್ಲಿ ಹೇಳುತ್ತಾರೆ. ಗಂಡನ ಪತ್ರವನ್ನು ವಾರಕ್ಕೊಂದು ಸಾಲಿನಂತೆ ಓದಿ ಆರು ತಿಂಗಳು ಎಳೆದ ಹೆಂಗಸರು ನಮ್ಮ ಓಣಿಯಲ್ಲೇ ಇದ್ದಾರೆ. ತಡವರಿಸಿ ಓದುವವರ ಕಣ್ಣಿಗೆ ಅಕ್ಷರ ಬೇಗ ಸವೆಯುವುದಿಲ್ಲ. ಸರಾಗ ಓದುವವರು ನೋಡಿದರೆ ಒಂದೇ ಸಲಕ್ಕೆ ಖಾಲಿ. ಹೀಗಾಗಿ ತಡವರಿಸುವುದೇ ಇಲ್ಲಿ ಸಭ್ಯತೆ. ಪಂಚಾಯ್ತಿ ಅಧ್ಯಕ್ಷರು ಭಾಷಣದ ಚೀಟಿ ಹಿಡಿದು 'ನ... ನಮ್ಮ... ಊ... ಊರಿನ' ಅನ್ನುವಾಗ, ಎಷ್ಟು ಜೋಪಾನದ ಮನುಷ್ಯ ಎಂದು ಜನ ತಲೆದೂಗುತ್ತಾರೆ. ನನಗೆ ಮಾತ್ರ ಮೈ ಉರಿಯುತ್ತದೆ.

ನಾನು ಯಮನಪ್ಪ. ಬೋರ್ಡು ಬರೆಯುವುದು ನನ್ನ ಕೆಲಸ. ಅಂಗಡಿಯವರು ಅಮಾವಾಸ್ಯೆಗೊಮ್ಮೆ ಬೋರ್ಡು ಹೊಸದಾಗಿ ಬರೆಸುತ್ತಾರೆ. ನಡುವೆ ಯಾರೋ ಪರವೂರಿನವರು ಬಂದು ಇಡೀ ಬಜಾರನ್ನು ಸರಾಗ ಓದಿಕೊಂಡು ಹೋದರೆ ಮತ್ತೊಮ್ಮೆ ಬರೆಸುತ್ತಾರೆ. ಶಾಲೆ ಕಲಿತದ್ದು ನಾಲ್ಕನೇ ಇಯತ್ತೆಯ ಪುಸ್ತಕದ ಹನ್ನೊಂದನೇ ಪುಟದ ತನಕ. ಸರಿಯಾಗಿ ಅಲ್ಲಿಯ ತನಕವೇ. ಆ ಪುಟದಲ್ಲಿ ಒಂದು ಕುರುಡು ಎತ್ತಿನ ಕಥೆ ಶುರುವಾಗುತ್ತಿತ್ತು. ಇಡೀ ಇಯತ್ತೆಗೆ ಇದ್ದ ಒಂದೇ ಪುಸ್ತಕದಲ್ಲಿ ಮೂವತ್ತು ಹುಡುಗರು ಸೇರಿ ಒಂದು ವಾರದಲ್ಲಿ ಓದಬೇಕಾದ ಪುಟವನ್ನು ನಾನು ಎರಡು ಉಸಿರಿನಲ್ಲಿ ಓದಿಬಿಟ್ಟೆ. ಪುಟ ಬೆಳ್ಳಗಾಯಿತು. ಈರಯ್ಯ ಮಾಸ್ತರು ಆಗಿನ್ನೂ ಹೆಡ್ ಮಾಸ್ತರಾಗಿರಲಿಲ್ಲ. ಆ ಖಾಲಿ ಪುಟವನ್ನು ಕ್ಲಾಸಿಗೆಲ್ಲ ತೋರಿಸಿ, "ಇವ ಒಬ್ಬನ ಎಲ್ಲಾರ ಪಾಠ ತಿಂದಾನ ನೋಡ್ರಿ" ಅಂದರು. ಆಮೇಲೆ ಕೆನ್ನೆಗೆ ಒಂದು ಕೊಟ್ಟರು. ಹೆಸರು ತೆಗೆದರು. ನನಗಾಗ ಒಂಬತ್ತು ವರ್ಷ. ಈಗ ಇಪ್ಪತ್ತಮೂರು. ಅವರು ಹಾದಿಯಲ್ಲಿ ಸಿಕ್ಕರೆ ಇವತ್ತಿಗೂ ನಾನು ನಮಸ್ಕಾರ ಮಾಡುವುದಿಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ನನ್ನ ಅಕ್ಕ ಫಕೀರವ್ವನ ಮಗಳು ಪಾರಿ ಇದ್ದಾಳಲ್ಲ, ಅವಳಿಗೂ ಅದೇ ಕಣ್ಣು.

ಗೊತ್ತಾದದ್ದು ಗಿರಣಿಯ ಮುಂದೆ. ಅಕ್ಕ ಖಾನಾವಳಿಗೆ ರೊಟ್ಟಿ ಬಡಿಯಲು ಹೋದಾಗ ಕೂಸು ನನ್ನ ಜೊತೆ ಇರುತ್ತಿತ್ತು. ಮೌಲಾಸಾಬ್ ಕಾಕಾನ ಹಿಟ್ಟಿನ ಗಿರಣಿಗೆ ಹೊಸ ಬೋರ್ಡು ಬರೆದು, ಏಣಿ ಇಳಿದು, ಕೈ ಒರೆಸಿಕೊಳ್ಳುತ್ತಿದ್ದೆ. ಬಣ್ಣ ಇನ್ನೂ ಹಸಿ. ತಲೆ ಎತ್ತಿ ನೋಡಿದರೆ ಬೋರ್ಡಿನ ಮೇಲೆ ಬರೀ ತಗಡು.

"ಲೇ ಯಮನ್ಯಾ," ಮೌಲಾಸಾಬ್ ಕಾಕಾ ಒಳಗಿನಿಂದ ಹಿಟ್ಟಿನ ಮುಖ ಹೊರಗೆ ಹಾಕಿದ, "ಬಣ್ಣದಾಗ ನೀರು ಬೆರಿಸೋದು ಕಂಡೀನಿ. ನೀ ನೀರಾಗ ನೀರ ಬೆರಿಸೀಯಲ್ಲೋ."

ಪಾರಿ ಕಟ್ಟೆಯ ಮೇಲೆ ಕುಳಿತು ಕಾಲಾಡಿಸುತ್ತಿದ್ದಳು. ಐದು ವರ್ಷ ತುಂಬಿ ಎರಡು ತಿಂಗಳಾಗಿತ್ತು. ಅಕ್ಷರ ಹೇಳಿಕೊಟ್ಟವರು ಯಾರೂ ಇಲ್ಲ. ನಾನು ಸುಣ್ಣ ಸವರಿದ ದಾರ ಎಳೆದು ಗೆರೆ ಹೊಡೆಯುವುದನ್ನು, ಗೆರೆಯ ಮೇಲೆ ಅಕ್ಷರ ಕೂರಿಸುವುದನ್ನು, ಬಾಯಲ್ಲಿ ಗುನುಗುತ್ತ ಬರೆಯುವುದನ್ನು ನೋಡಿ ನೋಡಿ ಕಲಿತಿದ್ದಳು. ನನ್ನ ಮುಖ ನೋಡಿದವಳೇ ಹೆದರಿ, "ನಾ ನೋಡ್ಲಿಲ್ಲ ಮಾಮಾ, ಅದ ಬಂತು" ಅಂದಳು.

ಅದ ಬಂತು. ಒಂಬತ್ತು ವರ್ಷದವನಿದ್ದಾಗ ನಾನು ಹೇಳಬೇಕಾಗಿದ್ದ ಮಾತು ಅದು. ಆಗ ಬಾಯಿಗೆ ಬಂದಿರಲಿಲ್ಲ.

ಮುಂದಿನ ವರ್ಷ ಒಂದನೇ ಇಯತ್ತೆಗೆ ಹಾಕಿದರು. ಕಮಲಾಕ್ಷಿ ಅಕ್ಕಾರು ಹೊಸದಾಗಿ ಬಂದಿದ್ದ ಟೀಚರು, ಒಳ್ಳೆಯವರು, ಆದರೆ ಹೆಡ್ ಮಾಸ್ತರಿಗೆ ಹೆದರುವವರು. ಒಂದನೇ ಇಯತ್ತೆಯಲ್ಲಿ ಮೂವರಿಗೆ ಒಂದು ಪುಸ್ತಕ. ಹೊಸ ಪುಸ್ತಕ ಬರುವುದು ಇಪ್ಪತ್ತು ವರ್ಷಕ್ಕೊಮ್ಮೆ. ಪಾರಿ ಕುಳಿತ ಕಡೆಯ ಪುಸ್ತಕ ನಾಲ್ಕು ದಿನದಲ್ಲಿ ಖಾಲಿ. ಜಾಗ ಬದಲಿಸಿದರು, ಇನ್ನೊಂದು ಖಾಲಿ. ಅವಳ ಪಕ್ಕ ಕೂರುವವರು ಪುಸ್ತಕವನ್ನು ಲಂಗದೊಳಗೆ ಮುಚ್ಚಿಟ್ಟುಕೊಳ್ಳತೊಡಗಿದರು. ಕೊನೆಗೆ ಅವಳನ್ನು ಕೋಣೆಯ ಹಿಂದೆ ಗೋಡೆಗೆ ಮುಖ ಮಾಡಿ ಕೂರಿಸಿ, ಹುಣಸೆ ಬೀಜ ಎಣಿಸಲು ಕೊಟ್ಟರು. ಆ ಗೋಡೆಯ ಪಕ್ಕದಲ್ಲೇ ಮೇಲಿನ ಇಯತ್ತೆಗಳ ಪುಸ್ತಕ ಇಡುವ ಟ್ರಂಕು. ಬೀಗ ಇಲ್ಲದ್ದು. ಅಷ್ಟು ಬುದ್ಧಿವಂತರು.

ಎರಡನೇ ಇಯತ್ತೆ, ಮೂರನೇ ಇಯತ್ತೆ, ನಾಲ್ಕನೇ ಇಯತ್ತೆ. ದೀಪಾವಳಿ ರಜೆ ಬರುವಷ್ಟರಲ್ಲಿ ಟ್ರಂಕಿನೊಳಗೆ ಬಿಳಿ ಕಾಗದ ಉಳಿದಿತ್ತು.

ಆ ಹೊತ್ತಿಗೆ ಕೂಸಿಗೆ ದಿನಾ ಬೆಳಿಗ್ಗೆ ಹೊಟ್ಟೆನೋವು. ಶಾಲೆಯ ಚೀಲ ಕಂಡರೆ ಸಾಕು, ಹೊಟ್ಟೆ ಹಿಡಿದುಕೊಂಡು ಮೂಲೆಗೆ ಕೂರುವಳು. ಭಾನುವಾರ ನೋವಿಲ್ಲ. ಅಕ್ಕ ಓಮಿನ ಕಷಾಯ ಕುಡಿಸಿದಳು, ದೃಷ್ಟಿ ತೆಗೆದಳು, ಆಮೇಲೆ ನನ್ನ ಮೇಲೆ ಹರಿಹಾಯ್ದಳು.

"ನಿನ್ನ ಕಡಿಂದನ ಬಂದಿದ್ದು ಇದು. ನೀನಾರ ಗಂಡು, ಬ್ರಶ್ಶು ಹಿಡಕೊಂಡು ಬದುಕಿದಿ. ಇದು ಏನ್ ಮಾಡತೈತಿ? ನನ್ನಂಗ ರೊಟ್ಟಿ ಬಡೀಬೇಕೇನು?"

"ಬರೋಬ್ಬರಿ ಓದತೈತಿ ಅಕ್ಕಾ. ತಪ್ಪು ಕೂಸಿಂದಲ್ಲ."

"ಬರೋಬ್ಬರಿ ಓದಿದ್ದಕ್ಕ ನಿನಗ ಏನು ಸಿಕ್ತು ಅದ ಹೇಳು."

ಸಿಕ್ಕದ್ದು ಕೆನ್ನೆಯ ಮೇಲಿತ್ತು.

ಟ್ರಂಕಿನ ಸುದ್ದಿ ಬಯಲಾದ ಸೋಮವಾರ ನನ್ನನ್ನೂ ಅಕ್ಕನನ್ನೂ ಶಾಲೆಗೆ ಕರೆಸಿದರು. ಈರಯ್ಯ ಮಾಸ್ತರಿಗೆ ಈಗ ಕೂದಲೆಲ್ಲ ಹಣ್ಣಾಗಿತ್ತು, ಮೇಜಿನ ಮೇಲೆ ಖಾಲಿ ಪುಸ್ತಕಗಳನ್ನು ಸಾಲಾಗಿ ತೆರೆದಿಟ್ಟಿದ್ದರು.

"ಮುಂದಿನ ಮೂರು ವರ್ಷ ಈ ಹುಡುಗ್ರಿಗೆ ಏನ್ ಕಲಿಸಲಿ? ನೀನ ಹೇಳು, ಯಮನಪ್ಪ. ನಿನಗ ಅನುಭವ ಐತಿ."

"ಕೂಸಿನ ಕೈಯಾಗ ಹುಣಸಿ ಬೀಜ ಕೊಟ್ಟು ಪುಸ್ತಕದ ಮಗ್ಗಲಕ್ಕ ಕುಂದ್ರಿಸಿದವ್ರನ್ನ ಕೇಳ್ರಿ."

ಅಕ್ಕ ನನ್ನ ತೋಳು ಚಿವುಟಿದಳು. ಮಾಸ್ತರು ಕನ್ನಡಕ ತೆಗೆದು ಒರೆಸಿದರು. "ಶನಿವಾರ ತನಕ ಟೈಮ್ ಕೊಡ್ತೀನಿ. ಐದನೇ ಇಯತ್ತೆ ಪುಸ್ತಕ ಒಂದ ಉಳದೈತಿ, ನನ್ನ ಕಪಾಟಿನಾಗ. ಶನಿವಾರ ಕಮಿಟಿಯವ್ರ ಮುಂದ ಅದರೊಳಗ ಒಂದು ಪುಟ ತಡಸಿ ತಡಸಿ ಓದಲಿ. ಅಕ್ಷರ ಉಳದ್ರ ಹುಡುಗಿ ಉಳೀತಾಳ. ಇಲ್ಲಂದ್ರ ಹೆಸರು ತಗೀತೀನಿ."

ಮುಂದೆ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ನಾನು, ಹದಿನಾಲ್ಕು ವರ್ಷ ಈ ಊರಿನ ತೊದಲನ್ನು ಬೈದುಕೊಂಡು ತಿರುಗಿದವನು, ಕೂಸಿಗೆ ಕೆಟ್ಟದಾಗಿ ಓದುವುದನ್ನು ಕಲಿಸಲು ಕುಳಿತೆ. ಗಿರಣಿಯ ಹಿಂದಿನ ಬೇವಿನ ಗಿಡದ ಕೆಳಗೆ, ಹಳೆಯ ತಗಡಿನ ಮೇಲೆ ಒಂದೊಂದೇ ಪದ ಬರೆದು, "ನಿಧಾನ. ಮೊದಲ ಅಕ್ಷರ ನೋಡು. ಅಲ್ಲೇ ನಿಂದ್ರು. ಮರತಂಗ ಮಾಡು" ಅನ್ನುತ್ತಿದ್ದೆ. ಪಾರಿ ಹುಬ್ಬು ಗಂಟಿಕ್ಕಿ, "ಕ... ಮ..." ಅನ್ನುವಳು. ಬಾಯಿ ಮೊದಲ ಅಕ್ಷರದಲ್ಲಿ ನಿಂತಿರುತ್ತಿತ್ತು, ಕಣ್ಣು ಆಗಲೇ ಸಾಲಿನ ತುದಿಗೆ ಹೋಗಿ ಬಂದಿರುತ್ತಿತ್ತು. ತಗಡು ಖಾಲಿ. ಒಂದು ಸಲ ಕಣ್ಣು ಮುಚ್ಚಿಕೊಂಡು ಓದಲು ನೋಡಿದಳು. ಇನ್ನೊಂದು ಸಲ ಮೂಗಿನ ತುದಿ ನೋಡುತ್ತ. ಮಂಗಳವಾರ ಸಂಜೆಯ ಹೊತ್ತಿಗೆ ತಗಡಿನ ಕಡೆ ನೋಡಲೂ ಹೆದರಿ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, "ಮಾಮಾ, ನನ್ನ ಕಣ್ಣು ಕೆಟ್ಟಾವೇನು?" ಅಂದಳು.

ನಾನು ಬ್ರಶ್ಶನ್ನು ಬೇವಿನ ಗಿಡಕ್ಕೆ ಎಸೆದೆ. ಅದು ಕೊಂಬೆಯಲ್ಲಿ ಸಿಕ್ಕಿಹಾಕಿಕೊಂಡಿತು. ಅದನ್ನು ಇಳಿಸಲು ಏಣಿ ತರಬೇಕಾಯಿತು. ಪಾರಿ ಬೆರಳಿನ ಸಂದಿನಿಂದ ನೋಡಿ ನಕ್ಕಳು. ಆ ದಿನ ಅವಳು ನಕ್ಕದ್ದು ಅದೊಂದೇ ಸಲ.

"ನಿನ್ನ ಕಣ್ಣು ಛಲೋ ಅದಾವ," ಅಂದೆ ಏಣಿಯ ಮೇಲಿನಿಂದ. "ಇನ್ಮ್ಯಾಲ ಹೆಂಗ ಬೇಕೋ ಹಂಗ ಓದು. ಏನು ಬೇಕು ಹೇಳು, ಬರದು ಕೊಡ್ತೀನಿ."

ಬುಧವಾರವಿಡೀ ಬರೆದೆ. ಇದ್ದಬದ್ದ ತಗಡು, ರಟ್ಟು, ಗಿರಣಿಯ ಗೋಡೆಯ ಹಿಂಬದಿ. ನಾಲ್ಕನೇ ಇಯತ್ತೆಯವನಿಗೆ ಗೊತ್ತಿರುವುದು ಎಷ್ಟು? ಬಣ್ಣಕ್ಕೆ ಟರ್ಪೆಂಟೈನ್ ಎಷ್ಟು ಹಾಕಬೇಕು ಎಂದು ಬರೆದೆ. ಓಣಿಗಳ ಹೆಸರು ಬರೆದೆ. ಸಿಟ್ಟಿನಲ್ಲಿ ಪಂಚಾಯ್ತಿಯ ಬಗ್ಗೆಯೂ ನಾಲ್ಕು ಸಾಲು ಬರೆದೆ. ಅದನ್ನು ಓದಿ ಪಾರಿ, "ದುರಾಡಳಿತ ಅಂದ್ರ ತಿನ್ನೂದೇನು?" ಅಂದಳು. ಹೌದು, ಅದೂ ಒಂಥರಾ ತಿನ್ನೂದೇ, ಅಂದೆ. ಆಗ ನನಗೆ ಹೊಳೆಯಿತು. ಎಂಥ ಕಷ್ಟದ ಪದವಾದರೂ ಓದುತ್ತಾಳೆ, ಆದರೆ ಇವಳು ಆರು ವರ್ಷದ ಕೂಸು. ಕುಂಟಾಬಿಲ್ಲೆಯಲ್ಲಿ ಸೋತರೆ ಅಳುತ್ತಾಳೆ. ಚಪ್ಪಲಿ ಎಡದ್ದು ಬಲಕ್ಕೆ ಹಾಕುತ್ತಾಳೆ. ಪಂಚಾಯ್ತಿ ಬಿಟ್ಟು, ಮೌಲಾಸಾಬ್ ಕಾಕಾನ ಆಡು ಗಿರಣಿಗೆ ನುಗ್ಗಿ ಹಿಟ್ಟಿನಲ್ಲಿ ಹೊರಳಿ ಬೆಳ್ಳಗಾಗಿ ಬಂದ ಕಥೆ ಬರೆದೆ. ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಈ ಸಲ ನೋವಿಗಲ್ಲ. ಅಕ್ಷರ ಪೂರಾ ಹೋಯಿತು, ತಗಡು ಕನ್ನಡಿಯಂತೆ ಹೊಳೆಯಿತು, ನನಗೆ ಬೇಸರವೇ ಆಗಲಿಲ್ಲ.

"ಮಾಮಾ, ಒಂದು ಕೇಳ್ಲಿ? ಆ ಎತ್ತು ಹೊಳಿಗೆ ಯಾಕ ಇಳೀತು?"

"ಯಾವ ಎತ್ತು?"

"ಕುರುಡ ಎತ್ತು. ನಾಲ್ಕನೇತ್ತ ಪುಸ್ತಕದಾಗ. ಹನ್ನೆರಡನೇ ಪುಟದಾಗ ಅದು ಆಗಲೇ ಹೊಳ್ಯಾಗ ಇರತೈತಿ, ನೀರು ಕುತ್ತಿಗಿ ತನಕ. ಅದರ ಹಿಂದಿನ ಪುಟ ಬೆಳ್ಳಗ ಇತ್ತು. ನಾ ಓದಿದ್ದಲ್ಲ, ಮೊದಲ ಹಂಗಿತ್ತು."

ನಾನು ಏಣಿಯ ಕೆಳಮೆಟ್ಟಿಲಿನ ಮೇಲೆ ಕುಳಿತುಬಿಟ್ಟೆ. ಹದಿನಾಲ್ಕು ವರ್ಷ ಎಷ್ಟು ಮಕ್ಕಳು ಆ ಎತ್ತನ್ನು ಹೊಳೆಯ ನಡುವಿನಿಂದಲೇ ಕಂಡಿದ್ದರೋ.

"ಗೊತ್ತಿಲ್ಲವ್ವ," ಅಂದೆ. ಸುಳ್ಳಲ್ಲ. ಆ ಪುಟವನ್ನು ನೆನೆಸಿಕೊಂಡಾಗಲೆಲ್ಲ ನನಗೆ ನೆನಪಾಗುತ್ತಿದ್ದುದು ಏಟು ಮಾತ್ರ.

ಗುರುವಾರ ಮಧ್ಯಾಹ್ನ ನನ್ನ ಕೈ ಸೋತಿತ್ತು. ಮೌಲಾಸಾಬ್ ಕಾಕಾನ ಬೋರ್ಡು ಮತ್ತೆ ಬರೆಯಬೇಕಿತ್ತು, ತಗಡು ಇಳಿಸಿ ಕಟ್ಟೆಯ ಮೇಲಿಟ್ಟು ಗೆರೆ ಹೊಡೆದು, ಚಹಾ ಕುಡಿಯಲು ಹೋದೆ. ಮರಳಿ ಬಂದರೆ ಪಾರಿ ಬ್ರಶ್ಶು ಹಿಡಿದು, ನಾಲಿಗೆ ಹೊರಗೆ ಚಾಚಿ, ತಗಡಿನ ತುಂಬ ಬರೆದಿದ್ದಾಳೆ. ಒಂದನೇ ಇಯತ್ತೆಯ ಮೊದಲನೇ ಪಾಠ. 'ಬೆಕ್ಕು ಬಿಸಿಲಿಗೆ ಬಂತು. ಬೆಕ್ಕಿನ ಹಿಂದೆ ಮರಿ ಬಂತು. ಮರಿಯ ಹಿಂದೆ ನೆರಳು ಬಂತು.' ಅಕ್ಷರ ಒಂದೊಂದೂ ಒಂದೊಂದು ದಿಕ್ಕಿಗೆ ವಾಲಿತ್ತು. ಗೆರೆಯನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ನಮ್ಮಲ್ಲಿ ಐದನೇ ಇಯತ್ತೆಗೆ ಮೊದಲು ಮಕ್ಕಳ ಕೈಗೆ ಪೆನ್ನು, ಬಳಪ ಏನೂ ಕೊಡುವುದಿಲ್ಲ. ಪುಸ್ತಕ ಗೀಚಿ ಕೆಡಿಸುತ್ತಾರೆ ಎಂದು ನಿಯಮ. ನಮ್ಮಂಥ ಕಣ್ಣಿನವರನ್ನು ಐದನೆಯದಕ್ಕೆ ಮುಟ್ಟುವ ಮೊದಲೇ ಹೊರಗೆ ಹಾಕಿರುತ್ತಾರೆ. ನಾನು ಬೋರ್ಡು ಬರೆದಿದ್ದೇನೆ, ಸಾವಿರ ಬರೆದಿದ್ದೇನೆ. ಆದರೆ ಓದಿ ಖಾಲಿ ಮಾಡಿದ ಪಾಠವನ್ನು ತಿರುಗಿ ಬರೆದವನಲ್ಲ. ಯಾರು ಬರೆಯಲು ಹೇಳುತ್ತಾರೆ?

ಮೌಲಾಸಾಬ್ ಕಾಕಾ ಹೊರಗೆ ಬಂದು ಬಗ್ಗಿ ಓದಿದ. "ಬೆಕ್ಕು ಬಿಸಿಲಿಗೆ ಬಂತು. ಇದೇನು, ಗಿರಣಿಯೋ ಬೆಕ್ಕಿನ ಆಸ್ಪತ್ರಿಯೋ?" ಇನ್ನೊಮ್ಮೆ ಓದಿದ. ಹಿಟ್ಟು ಬೀಸಿಸಲು ಬಂದ ಹೆಂಗಸರನ್ನು ಕರೆದು ತೋರಿಸಿದ, ಅವರೂ ಓದಿ ನಕ್ಕರು. ನಾನು ತಗಡನ್ನೇ ನೋಡುತ್ತಿದ್ದೆ. ಹನ್ನೆರಡು ಜನ ಓದಿದ್ದರು. ಬಣ್ಣ ಕೂದಲೆಳೆಯಷ್ಟೂ ತೆಳುವಾಗಿರಲಿಲ್ಲ.

"ಕಾಕಾ, ಇನ್ನೊಂದು ಸಲ ಓದ್ರಿ. ಸರಾಗ ಓದ್ರಿ."

"ಸರಾಗ ಓದಾಕ ನಾ ಏನು ಕುಡದೀನೇನು?"

"ನಾ ಅದೀನಿ, ಅಳಿಸಿದ್ರ ಮತ್ತ ಬರೀತೀನಿ. ಓದ್ರಿ."

ಓದಿದ. ಪಾರಿಯೂ ಓದಿದಳು. ಅವಳ ಕಣ್ಣಿಗೂ ಅಕ್ಷರ ಜಗ್ಗಲಿಲ್ಲ. ಕಾಕಾ ತಗಡನ್ನು ಬೆರಳಿನಿಂದ ಉಜ್ಜಿ ನೋಡಿದ, ಬೆರಳಿಗೆ ಹಸಿ ಬಣ್ಣ ಹತ್ತಿತು. "ಬಣ್ಣ ನಿಂದ, ಅಲ್ಲೇನಲೇ?" ಅಂದ. ನಂದೇ, ಅಂದೆ. ಬಣ್ಣ ಅದೇ, ತಗಡು ಅದೇ; ಓದಿದ್ದನ್ನು ನೆನಪಿನಿಂದ ತಿರುಗಿ ಬರೆದದ್ದು ಮಾತ್ರ ಹೊಸದು. ಆಮೇಲೆ, "ಈ ಬೋರ್ಡು ಹಿಂಗ ಇರಲಿ. ಹಿಟ್ಟಿನ ಗಿರಣಿ ಅಂತ ಬರೀದಿದ್ರೂ ಜನಕ್ಕ ಸಪ್ಪಳ ಕೇಳತೈತಿ" ಅಂದ.

ಶನಿವಾರ ಕಮಿಟಿಯವರು ನಾಲ್ವರು ಬೆಂಚಿನ ಮೇಲೆ ಕುಳಿತಿದ್ದರು. ಪಾರಿಗೆ ಬೆಳಿಗ್ಗೆ ಮತ್ತೆ ಹೊಟ್ಟೆನೋವು ಬಂದಿತ್ತು, ಅಕ್ಕನ ಸೆರಗು ಹಿಡಿದುಕೊಂಡಿದ್ದಳು. ಈರಯ್ಯ ಮಾಸ್ತರು ಕಪಾಟಿನಿಂದ ಐದನೇ ಇಯತ್ತೆಯ ಪುಸ್ತಕ ತೆಗೆದು, ಬಟ್ಟೆ ಬಿಚ್ಚಿ, ಮೇಜಿನ ಮೇಲಿಟ್ಟರು.

"ಅದು ಬ್ಯಾಡ್ರಿ," ಅಂದೆ. "ಒಂದನೇತ್ತ ಪುಸ್ತಕ ಕೊಡ್ರಿ. ಆಕಿ ಖಾಲಿ ಮಾಡಿದ್ದು. ಜೊತಿಗೆ ಒಂದು ಪೆನ್ನು."

"ಪೆನ್ನು ಐದನೇತ್ತ ಮ್ಯಾಲ. ನಿಯಮ ಗೊತ್ತಿಲ್ಲೇನು?"

"ನಿಮ್ಮ ನಿಯಮ ನನ್ನಷ್ಟು ಗೊತ್ತಿದ್ದವರು ಈ ಊರಾಗ ಯಾರೂ ಇಲ್ರಿ."

ನನ್ನ ದನಿ ಏರಿತ್ತು. ಕಮಿಟಿಯವರೊಬ್ಬರು ಏಳಲು ನೋಡಿದರು. ಕೆಲಸ ಕೆಟ್ಟಿತು, ನನ್ನ ಬಾಯಿಯೇ ಕೆಡಿಸಿತು ಅಂದುಕೊಂಡೆ. ಅಷ್ಟರಲ್ಲಿ ಕಮಲಾಕ್ಷಿ ಅಕ್ಕಾರು ತಮ್ಮ ಕೈಚೀಲದಿಂದ ಪೆನ್ನು ತೆಗೆದು ಪಾರಿಯ ಕೈಗೆ ಕೊಟ್ಟರು. "ಖಾಲಿ ಪುಸ್ತಕ ಸರ್," ಅಂದರು ಹೆಡ್ ಮಾಸ್ತರಿಗೆ, "ಗೀಚಿದ್ರ ಕೆಡೂದು ಏನೈತ್ರಿ ಅದರಾಗ?"

ಪಾರಿ ನೆಲದ ಮೇಲೆ ಬೋರಲಾಗಿ ಮಲಗಿ ಬರೆಯತೊಡಗಿದಳು. ಒಂದು ಪುಟಕ್ಕೆ ಅರ್ಧ ತಾಸು ಹಿಡಿಯಿತು. ನಡುವೆ ಒಮ್ಮೆ ನೀರು ಕೇಳಿದಳು, ಒಮ್ಮೆ ಇರುವೆ ನೋಡುತ್ತ ಕುಳಿತಳು. ಯಾರೂ ಬೈಯಲಿಲ್ಲ. ಬರೆದು ಮುಗಿಸಿ, ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಈರಯ್ಯ ಮಾಸ್ತರಿಗೆ ಕೊಟ್ಟು, ಓಡಿ ಬಂದು ನನ್ನ ಕಾಲ ಹಿಂದೆ ನಿಂತಳು.

ಮಾಸ್ತರು ಕನ್ನಡಕ ಏರಿಸಿಕೊಂಡರು. "ಬೆ... ಬೆಕ್... ಬೆಕ್ಕು," ಅಂದರು. "ಬಿ... ಬಿಸಿ..." ನಿಲ್ಲಿಸಿದರು. ಪುಟವನ್ನು ಬೆಳಕಿಗೆ ಹಿಡಿದರು. ಮತ್ತೆ ಮೊದಲಿನಿಂದ ಶುರು ಮಾಡಿದರು. ಈ ಸಲ ಅವರ ದನಿ ಬೇರೆಯಾಗಿತ್ತು. "ಬೆಕ್ಕು ಬಿಸಿಲಿಗೆ ಬಂತು. ಬೆಕ್ಕಿನ ಹಿಂದೆ ಮರಿ ಬಂತು. ಮರಿಯ ಹಿಂದೆ ನೆರಳು ಬಂತು. ನೆರಳಿನ ಹಿಂದೆ ಸಂಜೆ ಬಂತು." ಎಲ್ಲಿಯೂ ತಡೆಯದೆ, ಇಳಿಜಾರಿನಲ್ಲಿ ನೀರು ಹೋದಂತೆ, ಪುಟದ ತುದಿಯವರೆಗೆ ಓದಿದರು. ಅಷ್ಟು ಚೆಂದದ ಓದನ್ನು ನಾನು ನನ್ನ ಜೀವಮಾನದಲ್ಲಿ ಕೇಳಿರಲಿಲ್ಲ. ಓದಿ ಮುಗಿದ ಮೇಲೆ ಅವರಿಗೇ ಗಾಬರಿಯಾಗಿ ಪುಸ್ತಕದ ಕಡೆ ನೋಡಿದರು. ಅಕ್ಷರ ಇದ್ದಲ್ಲೇ ಇದ್ದವು. ಕಮಿಟಿಯವರು ಮಾಸ್ತರ ಮುಖವನ್ನೇ ನೋಡುತ್ತಿದ್ದರು. ಮಾಸ್ತರಿಗೂ ಸರಾಗ ಓದಲು ಬರುತ್ತಿತ್ತು. ಮೊದಲಿನಿಂದಲೂ ಬರುತ್ತಿತ್ತು. ಅದನ್ನು ಮುಚ್ಚಿಟ್ಟುಕೊಂಡು ಅರವತ್ತರ ತನಕ ಬಂದಿದ್ದರು.

ಕ್ಷಮೆ ಕೇಳಿದರೇ ಎಂದು ಅಕ್ಕ ಆಮೇಲೆ ಕೇಳಿದಳು. ಇಲ್ಲ. ಕುರ್ಚಿಯ ಮೇಲೆ ಕುಳಿತು, "ಎಷ್ಟು ಪೆನ್ನು ಬೇಕಾಗ್ತಾವ?" ಅಂದರು. ಅಷ್ಟೇ.

"ದಿನಕ್ಕ ಒಂದ ಪುಟ," ಅಂದರು ಕಮಲಾಕ್ಷಿ ಅಕ್ಕಾರು. "ಮುಂಜಾನೆ ತನ್ನ ವಾರಿಗಿ ಹುಡುಗ್ರ ಜೊತಿ ಲೆಕ್ಕ, ಹಾಡು, ಆಟ. ಮಧ್ಯಾಹ್ನ ತನಗ ಬೇಕಾದ ಪುಸ್ತಕ ಓದೋದು, ಓದಿದ್ದು ಬರೆಯೋದು. ಕೈ ನೋವಾದ್ರ ಅಲ್ಲಿಗೇ ಬಿಡೋದು. ಹುಣಸಿ ಬೀಜ ಬ್ಯಾಡ." ಪಾರಿ ನನ್ನ ಕಾಲ ಹಿಂದಿನಿಂದಲೇ, "ಹುಣಸಿ ಬೀಜ ಆಡಾಕ ಇರಲ್ರಿ ಅಕ್ಕಾರ" ಅಂದಳು.

ಅಕ್ಕ ಅಂಗಳದಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು, ರೊಟ್ಟಿಗೆ ಹೊತ್ತಾಯಿತು ಅನ್ನುತ್ತ ಹೊರಟಳು. ಹತ್ತು ಹೆಜ್ಜೆ ಹೋಗಿ ತಿರುಗಿ, "ಲೇ, ಇವತ್ತು ಉಣ್ಣಾಕ ಮನಿಗೆ ಬಾ" ಅಂದಳು. ವಾರದಿಂದ ಅವಳು ನನ್ನೊಡನೆ ನೆಟ್ಟಗೆ ಮಾತಾಡಿರಲಿಲ್ಲ.

ನಾನೂ ಹೊರಡಬೇಕೆನ್ನುವಾಗ ಈರಯ್ಯ ಮಾಸ್ತರು ಟ್ರಂಕು ತೆರೆದು ಒಂದು ಪುಸ್ತಕ ತೆಗೆದರು. ನಾಲ್ಕನೇ ಇಯತ್ತೆ. ಹುಡುಕಬೇಕಾಗಲಿಲ್ಲ, ಹನ್ನೊಂದನೇ ಪುಟ ತಾನಾಗಿ ತೆರೆದುಕೊಂಡಿತು. ಮೂಲೆಗೆ ಪೆನ್ಸಿಲಿನಿಂದ ಸಣ್ಣಗೆ 'ಯಮನಪ್ಪ' ಎಂದು ಬರೆದಿತ್ತು, ಅವರದೇ ಕೈಬರಹ, ಅಷ್ಟು ವರ್ಷ ಯಾರ ಕಣ್ಣಿಗೆ ಬಿದ್ದೋ ಏನೋ ಸೀಸ ಹೋಗಿ ಒತ್ತಿದ ಗುರುತು ಮಾತ್ರ ಉಳಿದಿತ್ತು. ಪುಸ್ತಕವನ್ನು ನನ್ನ ಕೈಗಿಟ್ಟು, ಮುಖ ನೋಡದೆ, "ನಿಂದು ಒಂದು ಪುಟ ಬಾಕಿ ಐತಿ" ಅಂದರು.

ಪಾರಿಯ ಕೈಯಿಂದ ಪೆನ್ನು ಇಸಿದುಕೊಂಡೆ.

ನಾಲ್ಕನೇ ಇಯತ್ತೆಯ ಹಿಂದಿನ ಬೆಂಚಿನಲ್ಲಿ ಕುಳಿತೆ. ಮೊಣಕಾಲು ಮೇಜಿಗೆ ತಾಗಿ ಓರೆಯಾಗಿ ಕೂರಬೇಕಾಯಿತು. ಪೆನ್ನು ಬ್ರಶ್ಶಿನಂತಲ್ಲ, ಬೆರಳಿಗೆ ಸಿಗುತ್ತಲೇ ಇರಲಿಲ್ಲ. ಪಾಠದ ಹೆಸರು ಬರೆದೆ. ಏಟು ನೆನಪಾಯಿತು. ಮೊದಲ ಸಾಲು ಬರೆದೆ. ಎರಡನೆಯದು ಮೊದಲನೆಯದರ ಬೆನ್ನಿಗೇ ಬಂತು. ಹೊಳೆಯ ಈ ದಡದಲ್ಲಿ ಕುರುಡು ಎತ್ತು, ಆ ದಡದಲ್ಲಿ ಅದರ ಜೋಡಿ ಎತ್ತನ್ನು ಕೊಂಡವನ ಹೊಲ. ಗಾಳಿ ಈ ಕಡೆ ಬೀಸಿದಾಗ ಜೋಡಿಯ ಕೊರಳ ಗಂಟೆ ಕೇಳಿತು. ಅದಕ್ಕೇ ಇಳಿಯಿತು. ಇಷ್ಟು ಸುಲಭದ ಮಾತು. ಎಲ್ಲಿ ಕುಳಿತಿತ್ತೋ ಇಷ್ಟು ದಿನ.

ಕಿವಿಯ ಹತ್ತಿರ ಉಸಿರು ತಾಗಿತು. ಪಾರಿ ಬೆಂಚು ಹತ್ತಿ, ನನ್ನ ಹೆಗಲ ಮೇಲೆ ಗದ್ದ ಇಟ್ಟಿದ್ದಳು. ನಾನು ತಿರುಗಿ ನೋಡಿದ್ದಕ್ಕೆ ಬೆಚ್ಚಿ ಹಿಂದೆ ಸರಿದಳು.

"ನಾ ನೋಡ್ಲಿಲ್ಲ ಮಾಮಾ, ಅದ ಬಂತು."

ಪುಸ್ತಕವನ್ನು ಅವಳ ಕಡೆಗೆ ಸರಿಸಿದೆ. "ನೋಡು," ಅಂದೆ. "ಬರಲಿ."